ನಾಲ್ಕನೇ ಜ್ವರ ಎದ್ದ ಶನಿವಾರ: ಒಂದು ಬೇಸಿಗೆ ಸಂಶೋಧನೆಯ ಪ್ರಕರಣ

ಶನಿವಾರ ರಾತ್ರಿ ಎಂಟೂವರೆಗೆ ರೇಷ್ಮೆ ಹುಳು ಸಾಕುವ ಮನೆಯ ನನ್ನ ವಿದ್ಯಾರ್ಥಿನಿಯ ಫೋನ್ ಬಂತು. "ಮೇಡಂ, ಹುಳು ನಾಲ್ಕನೇ ಜ್ವರ ಎದ್ದಿವೆ. ಸೋಮವಾರ ನಾನು ಹೋಗಕ್ಕಾಗಲ್ಲ. ಬೇರೆ ಯಾರನ್ನಾದ್ರೂ ಕಳಿಸಿ ಮೇಡಂ." ಏನು ಹೇಳಬೇಕು ಅಂತ ನಾನು ಯೋಚಿಸುವಷ್ಟರಲ್ಲಿ ಅವಳು ಫೋನ್ ಇಟ್ಟಿದ್ದಳು.

ಬೇರೆ ಯಾರನ್ನೋ ಕಳಿಸುವಂಥ ಜಾಗವಲ್ಲ ಅದು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎರಡು ತಿಂಗಳ ಬೇಸಿಗೆ ಫೆಲೋಶಿಪ್. ಪತ್ರ ಬಂದಿದ್ದು ಅವಳ ಹೆಸರಿಗೆ. ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ನಾನಿಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ನಾನು ಬಂದ ಮೇಲೆ ಇಲ್ಲಿಂದ ಇಂಥ ಕಡೆ ಆಯ್ಕೆಯಾದ ಮೊದಲ ವಿದ್ಯಾರ್ಥಿನಿ ಅವಳು. ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ, ಪರಿಶಿಷ್ಟ ಜಾತಿಯ ಕುಟುಂಬ. ಅಪ್ಪ ಅಮ್ಮ ಇಬ್ಬರೂ ಶಾಲೆ ಮುಗಿಸಿದವರಲ್ಲ. ಇಪ್ಪತ್ತು ಗುಂಟೆ ಹಿಪ್ಪುನೇರಳೆ, ಮನೆಗೆ ಅಂಟಿಕೊಂಡ ಒಂದು ಹುಳು ಮನೆ, ಉಳಿದ ದಿನ ಬೇರೆಯವರ ತೋಟದಲ್ಲಿ ಸೊಪ್ಪು ಕೊಯ್ಯುವ ಕೂಲಿ. ಮನೆಯಲ್ಲಿ ತೆಲುಗು, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಪಿಯುಸಿಯಿಂದ ಇಂಗ್ಲಿಷು.

ಅವಳೂ ಅವಳ ತಾಯಿಯೂ "ಬರೀರಿ" ಅಂದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ. ಇಂಥ ಮಕ್ಕಳನ್ನು ಕಳಿಸುವ ಮೇಷ್ಟ್ರುಗಳಿಗೆ, ಕಚೇರಿಯವರಿಗೆ, ಆ ಕಡೆ ಬರಮಾಡಿಕೊಳ್ಳುವವರಿಗೆ ಕೆಲಸಕ್ಕೆ ಬರುವ ವಿಷಯ ಇದರಲ್ಲಿದೆ ಅನ್ನಿಸಿತು. ನನ್ನ ತಪ್ಪುಗಳೂ ಇವೆ.

ರೇಷ್ಮೆ ಗೊತ್ತಿಲ್ಲದವರಿಗೆ ಒಂದು ಮಾತು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆಗೆಲ್ಲ ಮೇಯುವುದು ನಿಲ್ಲಿಸಿ ತಲೆ ಎತ್ತಿಕೊಂಡು ಸುಮ್ನೆ ಕೂರುತ್ತದೆ. ಇದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ಮೇಯ್ದು ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತದೆ. ಹುಟ್ಟಿದಾಗಿನಿಂದ ಹುಳು ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಭಾಗ ಹೋಗುವುದು ಈ ಒಂದು ವಾರದಲ್ಲೇ. ಬೆಳಗ್ಗೆ ಸೊಪ್ಪು, ಮಧ್ಯಾಹ್ನ ಸೊಪ್ಪು, ರಾತ್ರಿ ಸೊಪ್ಪು. ಈ ವಾರ ಹುಳು ಮನೆಯವರು ಮದುವೆಗೂ ಹೋಗುವುದಿಲ್ಲ.

ಡಬ್ಬಿಯಲ್ಲಿ ಬಂದ ಹುಳು

ಅವಳು ಎರಡನೇ ವರ್ಷದಲ್ಲಿದ್ದಾಗ ಒಂದು ದಿನ ಪ್ರಾಯೋಗಿಕ ತರಗತಿಗೆ ಪ್ಲಾಸ್ಟಿಕ್ ಡಬ್ಬಿ ತಂದಳು. ಒಳಗೆ ನಾಲ್ಕೈದು ಹುಳು. ಗಂಟುಗಂಟಾಗಿ ಊದಿಕೊಂಡು ಹಳದಿಗೆ ತಿರುಗಿದ್ದವು. "ಇದು ಹಾಲು ತೊಂಡೆ ಮೇಡಂ. ಅಮ್ಮ ದೂರದಿಂದಲೇ ಹೇಳಿಬಿಡ್ತಾರೆ. ಆದ್ರೆ ಆ ಹಾಲಿನೊಳಗೆ ಏನಿದೆ?"

ಪಠ್ಯಕ್ರಮದಲ್ಲಿ ಅವತ್ತು ಬೇರೆ ಏನೋ ಇತ್ತು. ಅದನ್ನು ಪಕ್ಕಕ್ಕಿಟ್ಟೆವು. ಹುಳುವಿನ ಕಾಲಿಗೆ ಸೂಜಿ ಚುಚ್ಚಿ, ಹಾಲಿನಂಥ ಒಂದು ಹನಿ ಗಾಜಿನ ಮೇಲೆ ತೆಗೆದು, ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ದೊಡ್ಡದು ಮಾಡಿ ನೋಡಿದೆವು. ಸಣ್ಣ ಸಣ್ಣ ಮೂಲೆಗಳಿರುವ ಹೊಳೆಯುವ ಹರಳುಗಳು ಕಿಕ್ಕಿರಿದಿದ್ದವು. ಈ ರೋಗ ತರುವುದು ಒಂದು ವೈರಸ್. ವೈರಸ್ ಕಣ ನಮ್ಮ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ. ಆದರೆ ಅದು ತನ್ನ ಸುತ್ತ ಕಟ್ಟಿಕೊಳ್ಳುವ ಪ್ರೋಟೀನಿನ ಹರಳು ಕಾಣುತ್ತದೆ. ಅವಳು ಅರ್ಧ ಗಂಟೆ ಕಣ್ಣು ತೆಗೆಯಲಿಲ್ಲ. ಆಮೇಲೆ ಕೇಳಿದಳು: "ಇವನ್ನ ಎಣಿಸಬಹುದಾ?"

ರಕ್ತಕಣ ಎಣಿಸುವ ಗಾಜಿನ ಚೇಂಬರ್ ಪ್ರಾಣಿಶಾಸ್ತ್ರ ಇರುವ ಕಾಲೇಜಿನಲ್ಲಿ ಸಾಮಾನ್ಯವಾಗಿ ಇರುತ್ತದೆ, ಅಲ್ವಾ? ಅದರಲ್ಲೇ ಎಣಿಸಿದಳು. ಎರಡು ಸಲದ ಲೆಕ್ಕ ತಾಳೆಯಾಗದಿದ್ದರೆ ಮೂರನೇ ಸಲ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಲೂಯಿ ಪಾಶ್ಚರ್ 1865ರಿಂದ ಕೆಲವು ವರ್ಷ ಫ್ರಾನ್ಸಿನ ದಕ್ಷಿಣದಲ್ಲಿ ರೇಷ್ಮೆ ಹುಳುವಿನ ರೋಗದ ಮೇಲೆ ಕೆಲಸ ಮಾಡಿದ್ದು ಅವತ್ತು ಹೇಳಿದೆ. ಅದು ಹಾಲು ತೊಂಡೆ ಅಲ್ಲ, ಗಂಟು ರೋಗ (ಪೆಬ್ರಿನ್) ಅನ್ನುವ ಬೇರೆ ರೋಗ. ಅದು ತಾಯಿಯಿಂದ ಮೊಟ್ಟೆಗೆ ದಾಟುತ್ತದೆ. ಅದನ್ನು ತಡೆಯಲು ಅವರು ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿ ತಂದರು. ಇವತ್ತಿಗೂ ಮೊಟ್ಟೆ ತಯಾರಿಸುವ ಕೇಂದ್ರಗಳಲ್ಲಿ ಅದನ್ನೇ ಮಾಡುತ್ತಾರೆ. "ಪಾಶ್ಚರ್ ಹುಳು ಮನೆಗೆ ಹೋಗ್ತಿದ್ರಾ ಮೇಡಂ?" ಹೋಗುತ್ತಿದ್ದರು. ತಾವೇ ಹುಳು ಸಾಕಿದ್ದರು, ಹೆಂಡತಿ ಮಗಳೂ ಜೊತೆಗೆ ಕೈ ಹಾಕಿದ್ದರು. ಈ ಮಾತು ಅವಳ ಮನಸ್ಸಿನಲ್ಲಿ ಉಳಿಯಿತು. ಆಮೇಲೆ ಎಷ್ಟೋ ಸಲ ಅವಳೇ ಅದನ್ನು ಎತ್ತಿದಳು.

ಅಲ್ಲಿಂದ ಒಂದು ಸಣ್ಣ ಯೋಜನೆ ಹುಟ್ಟಿತು. ಆರು ಹುಳು ಮನೆ, ಎರಡು ಬೆಳೆ. ದಿನಾ ಮೂರು ಹೊತ್ತು ಉಷ್ಣತೆ, ತೇವ ಬರೆಯುವುದು. ಕಾಯಿಲೆ ಹುಳು ಎಷ್ಟು, ಅವನ್ನು ಆ ಮನೆಯವರು ಏನು ಮಾಡಿದರು ಎಂದು ಬರೆಯುವುದು. ಅವಳ ತಾಯಿ ಕಾಯಿಲೆ ಹುಳುವನ್ನು ಕಡ್ಡಿಯಿಂದ ಎತ್ತಿ ಬ್ಲೀಚಿಂಗ್ ಪುಡಿ ಕಲಸಿದ ನೀರಿಗೆ ಹಾಕಿ ಹೂಳುತ್ತಿದ್ದರು. ಬೇರೆ ಕೆಲವು ಮನೆಯವರು ಸುಮ್ನೆ ತಿಪ್ಪೆಗೆ ಎಸೆಯುತ್ತಿದ್ದರು. ಆರು ಮನೆಯಿಂದ ದೊಡ್ಡ ಮಾತು ಆಡಲು ಬರುವುದಿಲ್ಲ. ವರದಿಯ ಕೊನೆಯಲ್ಲಿ ಅವಳು ಹಾಗೆಯೇ ಬರೆದಳು. ನನಗೆ ಅದು ತುಂಬ ಹಿಡಿಸಿತು.

ಸ್ಟಾಫ್ ರೂಮಿನಲ್ಲಿ ಬೇರೆ ಅಭಿಪ್ರಾಯವೂ ಇತ್ತು. ಅವಳಿಗೆ ಶೇಕಡಾ 61 ಅಂಕ. ತರಗತಿಯಲ್ಲಿ 80 ದಾಟಿದವರಿದ್ದರು. "ಅಲ್ಲಿ ಹೋಗಿ ತಡೀತಾಳಾ ಈ ಹುಡುಗಿ?" ಅಂತ ಒಬ್ಬರು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವಳಿಗೆ ಅವಮಾನ ಆಗಬಾರದು ಅನ್ನುವ ಕಾಳಜಿ ಅದರಲ್ಲಿತ್ತು. ಆದರೂ ಆ ಕಾಳಜಿಯೇ ನಮ್ಮ ಮಕ್ಕಳಿಗೆ ಎಷ್ಟು ಬಾಗಿಲು ಮುಚ್ಚಿದೆ ಅಂತ ನನಗೆ ಗೊತ್ತು. ಅಂಕ ನೋಡಿ ತೆರೆಯುವ ಬಾಗಿಲುಗಳು ಈಗಾಗಲೇ ಇವೆ. ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನದಲ್ಲಿ ವರ್ಷಕ್ಕೆ 80,000 ರೂಪಾಯಿ, ಅದರಲ್ಲಿ 20,000 ಬೇಸಿಗೆ ಸಂಶೋಧನೆಗೇ ಇದೆ. ಒಳ್ಳೆಯ ಯೋಜನೆ. ಆದರೆ ಅದು ಹೆಚ್ಚಾಗಿ ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇಕಡಾ 1ರಲ್ಲಿ ಇರುವವರಿಗೆ. ಡಬ್ಬಿಯಲ್ಲಿ ಹುಳು ತಂದವಳು ಆ ಪಟ್ಟಿಯಲ್ಲಿ ಬರುವುದಿಲ್ಲ.

ಇನ್ನೊಂದು ಲೆಕ್ಕವೂ ನನ್ನ ತಲೆಯಲ್ಲಿತ್ತು. 2021ರಲ್ಲಿ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿಗೆ ದಾರಿಯಾಯಿತು, ನಾಲ್ಕನೇ ವರ್ಷದಲ್ಲಿ ಸಂಶೋಧನೆಗೆ ಜಾಗ ಇತ್ತು. 2024ರಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಬಂತು. ಹೊಸ ಮಕ್ಕಳಿಗೆ ಉಳಿದಿರುವುದು ಎರಡು ಬೇಸಿಗೆ ಮಾತ್ರ.

ಅರ್ಜಿ, ಪತ್ರ, ಇನಿಷಿಯಲ್

ಅರ್ಜಿಗೆ ಒಂದು ಪುಟದ ಬರಹ ಬೇಕಿತ್ತು, ನಿಮಗೆ ಯಾವುದರಲ್ಲಿ ಆಸಕ್ತಿ ಅಂತ. ಅವಳು ಮೊದಲು ತಂದ ಇಂಗ್ಲಿಷ್ ಪುಟವನ್ನು ಯಾರು ಬೇಕಾದರೂ ಬರೆಯಬಹುದಿತ್ತು. ಚಿಕ್ಕಂದಿನಿಂದ ವಿಜ್ಞಾನ ಅಂದರೆ ಪ್ರಾಣ, ದೇಶಸೇವೆ ಮಾಡಬೇಕು, ಹೀಗೆ. ಮೊಬೈಲಿನಿಂದ ಇಳಿಸಿದ್ದು. "ಇದನ್ನ ಬಿಡು. ಆ ಹನಿ ನೋಡಿದ ದಿನ ಏನಾಯ್ತು, ಕನ್ನಡದಲ್ಲಿ ಬರಿ" ಅಂದೆ. ಎರಡು ದಿನ ಬಿಟ್ಟು ಮೂರು ಪುಟ ತಂದಳು. ಅದರಲ್ಲಿ ಒಂದು ಸಾಲು ಹೀಗಿತ್ತು: ಅಮ್ಮ ಕಣ್ಣಿನಲ್ಲೇ ಗುರುತಿಸುತ್ತಾರೆ, ಹರಳು ಎಷ್ಟಾದಾಗ ಅಮ್ಮನ ಕಣ್ಣಿಗೆ ಗೊತ್ತಾಗುತ್ತದೆ ಅಂತ ತಿಳಿಯಬೇಕು. ಇದು ನಿಜವಾದ ಪ್ರಶ್ನೆ. ಅದನ್ನೇ ಇಂಗ್ಲಿಷಿಗೆ ತಂದೆವು. ವ್ಯಾಕರಣ ನಾನು ತಿದ್ದಿದೆ, ಮಾತು ಅವಳದೇ ಇರಲಿ ಅಂತ ಬಿಟ್ಟೆ.

ನನ್ನ ಶಿಫಾರಸು ಪತ್ರವನ್ನೂ ಮತ್ತೆ ಬರೆಯಬೇಕಾಯಿತು. ಇಷ್ಟು ವರ್ಷ ಎಲ್ಲರಿಗೂ ಒಂದೇ ಪತ್ರ ಕೊಡುತ್ತಿದ್ದೆ. ಶ್ರಮಜೀವಿ, ವಿಧೇಯ, ಒಳ್ಳೆಯ ನಡತೆ. ದೊಡ್ಡ ಕಾಲೇಜಿನ ಮೇಷ್ಟ್ರು ಅಂಥ ಪತ್ರ ಕೊಟ್ಟರೂ ಕಾಲೇಜಿನ ಹೆಸರು ಅರ್ಧ ಕೆಲಸ ಮಾಡುತ್ತದೆ. ನಮ್ಮ ಕಾಲೇಜಿನ ಹೆಸರು ಆ ಕೆಲಸ ಮಾಡುವುದಿಲ್ಲ. ಓದುವವರ ಕೈಗೆ ಸಿಗುವುದು ಪತ್ರ ಒಂದೇ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದೆ: ಏನು ತಂದಳು, ಏನು ಕೇಳಿದಳು, ಲೆಕ್ಕ ತಾಳೆಯಾಗದಾಗ ಏನು ಮಾಡಿದಳು. ಅಂಕ ಕಡಿಮೆ ಇರುವುದಕ್ಕೆ ಕಾರಣವನ್ನೂ ಮುಚ್ಚಿಡಲಿಲ್ಲ. ಹುಳು ಮನೆಯಲ್ಲಿದ್ದ ವಾರಗಳಲ್ಲಿ ಅವಳ ಹಾಜರಿ ಬೀಳುತ್ತಿತ್ತು.

ಆಯ್ಕೆಯಾಯಿತು. ಆಮೇಲೆ ಕೆಲಸ ಕಚೇರಿಗೆ ಹೋಯಿತು. ನಮ್ಮ ದ್ವಿತೀಯ ದರ್ಜೆ ಸಹಾಯಕರು ಅವಳ ಕಾಗದಗಳನ್ನು ನೋಡಿದ ತಕ್ಷಣ ಹೇಳಿದರು: "ಮೇಡಂ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ, ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್. ಬ್ಯಾಂಕ್ ಖಾತೆ ಬಳಸದೆ ನಿಂತುಹೋಗಿದೆ. ದುಡ್ಡು ಬರಲ್ಲ." ಅದನ್ನೆಲ್ಲ ಸರಿ ಮಾಡಲು ಮೂರು ದಿನ ಹಿಡಿಯಿತು. ಒಂದು ದಿನ ಅವರೇ ಅವಳ ಜೊತೆ ಬ್ಯಾಂಕಿಗೆ ಹೋದರು. ಈ ಕೆಲಸ ಯಾವ ವರದಿಯಲ್ಲೂ ಬರುವುದಿಲ್ಲ. ಅವರಿಲ್ಲದಿದ್ದರೆ ಮೊದಲ ಕಂತು ಅವಳ ಕೈ ಸೇರುತ್ತಲೇ ಇರಲಿಲ್ಲ.

ಈ ಹೊತ್ತಿಗೇ ನನ್ನಿಂದ ದೊಡ್ಡ ತಪ್ಪು ಆಗಿತ್ತು. ಅದು ಗೊತ್ತಾದದ್ದು ಆ ಭಾನುವಾರ.

ಭಾನುವಾರ

ಬೆಳಗ್ಗೆ ಬಸ್ಸು ಹತ್ತಿ ಅವರ ಊರಿಗೆ ಹೋದೆ. ಸಿಟ್ಟು ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಇಷ್ಟು ಕಷ್ಟಪಟ್ಟು ಸಿಕ್ಕಿದ್ದನ್ನು ಮನೆಯವರು ತಪ್ಪಿಸುತ್ತಿದ್ದಾರೆ ಅಂತಲೇ ಅಂದುಕೊಂಡಿದ್ದೆ.

ಹುಳು ಮನೆಯ ಬಾಗಿಲಲ್ಲಿ ಸುಣ್ಣದ ಪುಡಿ. ಕಾಲು ಒತ್ತಿ ಒಳಗೆ ಹೋದೆ. ಹುಳು ಸೊಪ್ಪು ಮೇಯುವ ಸದ್ದು, ಮಳೆ ಬಿದ್ದ ಹಾಗೆ. ನಾಲ್ಕು ಅಂತಸ್ತಿನ ತಟ್ಟೆಗಳು ಸಾಲದೆ ನೆಲದ ಮೇಲೂ ಹುಳು ಹರಡಿದ್ದರು. "ಅಕ್ಕಾ, ಈ ಸಲ ಜಾಸ್ತಿ ತಂದಿದ್ದೀರಾ?" ಅಂತ ಅವರ ತೆಲುಗಿನಲ್ಲೇ ಕೇಳಿದೆ. ಯಾವಾಗಲೂ ನೂರು ಮೊಟ್ಟೆ ತರುವವರು ಈ ಸಲ ನೂರೈವತ್ತು ತಂದಿದ್ದರು. ಇಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪು. ಸ್ವಂತ ಸೊಪ್ಪು ಸಾಲದೆ ಪಕ್ಕದ ತೋಟದಿಂದ ಕೊಳ್ಳುತ್ತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ ಆ ತಾಯಿ ಸೆರಗಿನಲ್ಲಿ ಕೈ ಒರೆಸಿಕೊಂಡು ಗೋಡೆಯ ಗೂಡಿನಿಂದ ಒಂದು ಮಡಿಸಿದ ಹಾಳೆ ತೆಗೆದರು. ನನ್ನದೇ ಕೈಬರಹ. ಒಂದು ತಿಂಗಳ ಹಿಂದೆ ನಾನು ಬಂದಾಗ ಬರೆದುಕೊಟ್ಟ ಖರ್ಚಿನ ಪಟ್ಟಿ. ಹಾಸ್ಟೆಲ್ ಮುಂಗಡ, ಮೆಸ್ ಮುಂಗಡ, ಒಂದು ಜೊತೆ ಬೂಟು, ಹೊಸ ಬ್ಯಾಗು, ಮೊದಲ ತಿಂಗಳ ಕೈಖರ್ಚು. ಫೆಲೋಶಿಪ್ ಹಣ ಬರುವುದು ತಿಂಗಳು ತುಂಬಿದ ಮೇಲೆ, ಅದಕ್ಕೆ ಮುಂಚೆ ಇಷ್ಟು ಬೇಕು ಅಂತ ನಾನು ತಿಳಿಸಲು ಬರೆದದ್ದು. ಅವರಿಗೆ ಅದು ಹೊಂದಿಸಲೇಬೇಕಾದ ಹಣವಾಗಿತ್ತು. ಮಗಳನ್ನು ಕಳಿಸುವ ದುಡ್ಡಿಗಾಗಿ ಐವತ್ತು ಮೊಟ್ಟೆ ಜಾಸ್ತಿ ತಂದಿದ್ದರು. ಅವಳನ್ನು ಹಿಡಿದಿಟ್ಟ ಬೆಳೆ ಅವಳನ್ನು ಕಳಿಸಲೆಂದೇ ಇಟ್ಟ ಬೆಳೆ.

ನಾನು ಅಲ್ಲೇ ಸೊಪ್ಪಿನ ಮೂಟೆ ಮೇಲೆ ಕೂತುಬಿಟ್ಟೆ.

ದುಡ್ಡು ಎಲ್ಲಿಂದ ಬರುತ್ತದೆ ಅಂತ ನಾನು ಕೇಳಿರಲಿಲ್ಲ. ಮನೆಯಲ್ಲಿ ಯಾವ ವಾರ ಕೈ ಬೇಕು ಅಂತಲೂ ಕೇಳಿರಲಿಲ್ಲ. ಎರಡೂ ಸುಲಭವಾಗಿ ಕೇಳಬಹುದಾಗಿದ್ದ ಮಾತು. ನಮ್ಮ ಜಿಲ್ಲೆಯಲ್ಲಿ ಎಚ್. ನರಸಿಂಹಯ್ಯನವರ ಕತೆಯನ್ನು ಪ್ರತಿ ಸಮಾರಂಭದಲ್ಲೂ ಹೇಳುತ್ತೇವೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ ಓದಲು ಬೆಂಗಳೂರಿಗೆ ನಡೆದೇ ಹೋದರು, ಭೌತಶಾಸ್ತ್ರಜ್ಞರಾದರು, ಕುಲಪತಿಗಳಾದರು. ನನಗೂ ಆ ಕತೆ ಬಹಳ ಇಷ್ಟ. ಆದರೆ ಅದನ್ನು ಹೇಳಿ ಹೇಳಿ, ಎಲ್ಲ ಮಕ್ಕಳೂ ನಡೆದೇ ಹೋಗಲಿ ಅಂತ ನಾವು ಸುಮ್ಮನಾಗಿದ್ದೇವೇನೋ ಅಂತ ಅವತ್ತು ಅನ್ನಿಸಿತು.

ಮುಂದೇನು ಅಂತ ಅಲ್ಲೇ ಕೂತು ಮಾತಾಡಿದೆವು. ಸೊಪ್ಪು ಕೊಯ್ಯಲು ಒಂದು ಆಳು ಇಡೋಣ, ದುಡ್ಡು ನಾನು ಕೊಡುತ್ತೇನೆ ಅಂದೆ. ತಾಯಿ ಒಪ್ಪಲಿಲ್ಲ. ನಾಲ್ಕನೇ ಜ್ವರ ಎದ್ದ ಹುಳುವನ್ನು ಹೊಸಬರ ಕೈಗೆ ಕೊಡುವುದಿಲ್ಲ, ಹೊರಗಿನವರ ಕಾಲಲ್ಲಿ ರೋಗ ಬರುತ್ತದೆ ಅಂದರು. ಅವರು ಹೇಳಿದ್ದು ಸರಿ. ಮೇ ತಿಂಗಳ ಬಿಸಿಲಲ್ಲಿ ಹಾಲು ತೊಂಡೆ ಮೊದಲೇ ಜಾಸ್ತಿ. ಸೋಮವಾರ ಸೇರಿ ವಾಪಸ್ ಬರುವುದೂ ಆಗದ ಮಾತು. ಉಳಿದಿದ್ದು ಒಂದೇ, ಸೇರುವ ದಿನ ಮುಂದೆ ಹಾಕಿ ಅಂತ ಆ ಕಡೆಯವರನ್ನು ಕೇಳುವುದು.

ಅದಕ್ಕೆ ನನಗೇ ಮನಸ್ಸಿರಲಿಲ್ಲ. ಮೊದಲ ಸಲ ಒಬ್ಬಳನ್ನು ಕಳಿಸುತ್ತಿದ್ದೇವೆ, ಮೊದಲ ದಿನವೇ ವಿನಾಯಿತಿ ಕೇಳಿದರೆ ಮುಂದಿನ ವರ್ಷ ನಮ್ಮವರನ್ನು ತೆಗೆದುಕೊಳ್ಳುತ್ತಾರಾ ಅನ್ನುವ ಅಳುಕು. ಕಚೇರಿಯ ಸಹಾಯಕರಿಗೆ ಫೋನ್ ಮಾಡಿದೆ. "ಕೇಳಿದ್ರೆ ಏನು ಹೋಗುತ್ತೆ ಮೇಡಂ? ಕಾರಣ ಮುಚ್ಚಿಡಬೇಡಿ. ಆರೋಗ್ಯ ಸರಿಯಿಲ್ಲ ಅಂತ ಬರೀಬೇಡಿ" ಅಂದರು. ನಾನು ಹಾಗೇ ಬರೆಯುವವಳಿದ್ದೆ ಅಂತ ಅವರಿಗೆ ಗೊತ್ತಾಗಿತ್ತು.

ಹುಳು ಮನೆಯ ಕಟ್ಟೆ ಮೇಲೆ ಕೂತು ಅವಳೇ ಮೊಬೈಲಿನಲ್ಲಿ ಬರೆದಳು, ನಾನು ನೋಡಿದೆ. ನಾಲ್ಕನೇ ಜ್ವರ ಅಂದರೇನು, ಹುಳು ಯಾವತ್ತು ಹಣ್ಣಾಗುತ್ತದೆ, ಚಂದ್ರಿಕೆಗೆ (ಹುಳು ಗೂಡು ಕಟ್ಟುವ ತಟ್ಟೆಗೆ) ಬಿಟ್ಟ ಮೇಲೆ ಗೂಡು ಬಿಡಿಸಿ ಮಾರುಕಟ್ಟೆಗೆ ಸಾಗಿಸುವುದನ್ನು ಅಪ್ಪ ಅಮ್ಮ ಇಬ್ಬರೇ ನೋಡಿಕೊಳ್ಳುತ್ತಾರೆ, ಅದಕ್ಕೇ ಒಂದು ವಾರ ಸಾಕು ಅಂತ. ಸಂಜೆಯೇ ಆ ಕಡೆಯ ವಿಜ್ಞಾನಿಯಿಂದ ಉತ್ತರ ಬಂತು. ಮುಂದಿನ ಸೋಮವಾರ ಬಾ, ಈ ವಾರ ದಿನಾ ಕಾಯಿಲೆ ಹುಳು ಎಣಿಸಿ ಬರೆದಿಡು, ಇದನ್ನೇ ನಿನ್ನ ಮೊದಲ ವಾರ ಅಂದುಕೋ. ಮೂರು ಸಾಲಿನ ಪತ್ರ. ಆದರೆ ಹಣದ ಲೆಕ್ಕ ಬೇರೆ ವಿಭಾಗದ್ದು. ಅವರು ನಿಯಮದ ಪ್ರಕಾರ ಒಂದು ವಾರದ ಹಣ ಕಡಿದರು. ಅದನ್ನು ಮರಳಿ ಪಡೆಯಲು ನಾವು ಪ್ರಯತ್ನಿಸಲಿಲ್ಲ. ಪ್ರಯತ್ನಿಸಬೇಕಿತ್ತು.

ಮುಂಗಡದ ಹಣಕ್ಕೆ ಕಾಲೇಜಿನಲ್ಲಿ ಯಾವ ಲೆಕ್ಕ ಶೀರ್ಷಿಕೆಯೂ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಸೇರಿ ಹಾಕಿದೆವು. "ತಡೀತಾಳಾ" ಅಂತ ಕೇಳಿದವರು ಎಲ್ಲರಿಗಿಂತ ಮೊದಲು ಕೊಟ್ಟರು. ತಾಯಿ ಪುಕ್ಕಟೆ ಹಣ ಬೇಡ ಅಂದಿದ್ದರು. ಹಾಸ್ಟೆಲ್ ಮುಂಗಡ ಹೇಗೂ ವಾಪಸ್ ಬರುವ ಹಣ, ಬಂದಾಗ ನಮಗೆ ಕೊಡಿ ಅಂದ ಮೇಲೆ ಒಪ್ಪಿದರು.

ಅಲ್ಲಿ

ಮೊದಲ ಹತ್ತು ದಿನ ಅವಳು ಅಲ್ಲಿ ಬಾಯಿ ಬಿಡಲಿಲ್ಲವಂತೆ. ದಿನಾ ರಾತ್ರಿ ಒಂಬತ್ತಕ್ಕೆ ನನಗೆ ಫೋನ್. ಊಟ ಆಯ್ತಾ ಅಂದರೆ ಆಯ್ತು, ಕೆಲಸ ಹೇಗಿದೆ ಅಂದರೆ ಚೆನ್ನಾಗಿದೆ. ನಾಲ್ಕನೇ ದಿನ ಅತ್ತಳು. ಹನಿಗಿಂತ ಕಡಿಮೆ ದ್ರವವನ್ನೂ ಅಳೆದು ಹಾಕುವ ಮೈಕ್ರೊಪಿಪೆಟ್ ಹಿಡಿಯಲು ಬರುತ್ತಿರಲಿಲ್ಲ. ಬೇರೆ ಕಾಲೇಜಿನಿಂದ ಬಂದವರಿಗೆಲ್ಲ ಬರುತ್ತಿತ್ತು.

ಇದನ್ನು ಕೇಳಿ ಮರುದಿನ ನಮ್ಮ ಲ್ಯಾಬ್ ಅಟೆಂಡರ್ ಹತ್ತಿರ ಹೇಳಿಕೊಂಡೆ. ಅವರು ಬೀರು ತೆಗೆದು ಒಂದು ಪೆಟ್ಟಿಗೆ ತೋರಿಸಿದರು. ಒಳಗೆ ಎರಡು ಮೈಕ್ರೊಪಿಪೆಟ್, ಬಂದ ಹಾಗೇ ಪ್ಲಾಸ್ಟಿಕ್ಕಿನಲ್ಲಿ. "ಇಲ್ಲೇ ಇತ್ತಲ್ಲ ಮೇಡಂ. ಯಾರೂ ಕೇಳಲಿಲ್ಲ." ಮುರಿದುಹೋದರೆ ಯಾರು ಜವಾಬ್ದಾರಿ ಅಂತ ಒಳಗೇ ಇಟ್ಟಿದ್ದೆವು.

ಅವಳನ್ನು ಅಲ್ಲಿ ದಡ ಹತ್ತಿಸಿದ್ದು ಒಬ್ಬ ಪಿಎಚ್‌ಡಿ ವಿದ್ಯಾರ್ಥಿ. ಹಾವೇರಿ ಕಡೆಯವರು, ರೈತರ ಮನೆಯವರು. ಅವಳು "ಸರ್" ಅಂದರೆ "ಅಣ್ಣ ಅನ್ನು ಸಾಕು" ಅಂದರಂತೆ. ಸಂಜೆ ಎಲ್ಲರೂ ಹೋದ ಮೇಲೆ ಬಣ್ಣದ ನೀರು ಕೊಟ್ಟು ಪಿಪೆಟ್ ಅಭ್ಯಾಸ ಮಾಡಿಸಿದರು. ಮೂರು ಸಂಜೆಯಲ್ಲಿ ಬಂತು. ಆಮೇಲೆ ಒಂದು ದಿನ, "ನಮ್ಮ ಲ್ಯಾಬಿನಲ್ಲಿ ಯಾರೂ ಹುಳು ಸಾಕಿಲ್ಲ, ನೀನು ಹೇಳಿಕೊಡು" ಅಂದರು. ಅವಳು ಬೋರ್ಡಿನ ಮೇಲೆ ಜ್ವರದ ಹಂತಗಳನ್ನು ಬರೆದಳು, ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಅವತ್ತು ಫೋನ್ ಹನ್ನೊಂದು ಗಂಟೆಗೆ ಬಂತು, ಮುಕ್ಕಾಲು ಗಂಟೆ ಮಾತಾಡಿದಳು.

ದೊಡ್ಡ ವಿಜ್ಞಾನಿಯನ್ನು ಅವಳು ವಾರಕ್ಕೊಮ್ಮೆ ನೋಡುತ್ತಿದ್ದಳು, ಈ ಅಣ್ಣನನ್ನು ದಿನಾ. ಅಲ್ಲಿ ಕಲಿತದ್ದರಲ್ಲಿ ಬಹುಪಾಲು ಅವರಿಂದಲೇ. ಅವರಿಗೆ ಇದಕ್ಕೆ ಸಮಯ ಕೊಟ್ಟವರು ಯಾರೂ ಇಲ್ಲ. ತಮ್ಮ ಪ್ರಯೋಗದ ಹೊತ್ತು ಕಡಿದು ಮಾಡಿದರು.

ಎರಡು ತಿಂಗಳೂ ಪೂರ್ತಿ ಸಿಗಲಿಲ್ಲ. ನಮ್ಮ ಕಡೆ ಸೆಮಿಸ್ಟರ್ ಪ್ರಾಯೋಗಿಕ ಪರೀಕ್ಷೆ ಜುಲೈ ಮೊದಲ ವಾರಕ್ಕೆ ಬಂತು, ದೊಡ್ಡ ಸಂಸ್ಥೆಗಳ ಬೇಸಿಗೆ ಕಾರ್ಯಕ್ರಮ ನಡೆಯುವ ಹೊತ್ತಿಗೇ. ಅವಳು ಎರಡು ವಾರ ಮುಂಚೆಯೇ ವಾಪಸ್ ಬಂದಳು. ಕೊನೆಯ ಪ್ರಯೋಗ ಅರ್ಧಕ್ಕೆ ನಿಂತಿತು.

ಆಮೇಲೆ

ಅವಳು ಈಗ ಕೊನೆಯ ವರ್ಷ. ಎಂಎಸ್ಸಿ ಮಾಡಬೇಕು ಅಂತಿದ್ದಾಳೆ, ಬಿಎಡ್ ಮಾಡಲಿ ಅಂತ ಅಪ್ಪ ಹೇಳುತ್ತಿದ್ದಾರೆ. ಇನ್ನೂ ತೀರ್ಮಾನ ಆಗಿಲ್ಲ. ಯಾವ ಪತ್ರಿಕೆಯಲ್ಲೂ ಅವಳ ಪ್ರಬಂಧ ಬಂದಿಲ್ಲ. ಅರ್ಧಕ್ಕೆ ನಿಂತ ಪ್ರಯೋಗವನ್ನು ನಮ್ಮ ಚೇಂಬರಿನಲ್ಲೇ ಮುಂದುವರಿಸುತ್ತಿದ್ದಾಳೆ. ತಾಯಿ ಕಾಯಿಲೆ ಅಂತ ಬೆರಳು ತೋರಿದ ಹುಳು, ತೋರದ ಹುಳು, ಎರಡರ ಹನಿಯನ್ನೂ ಬೇರೆ ಬೇರೆ ಎಣಿಸುತ್ತಾಳೆ. ಆ ತಾಯಿ ಈಗ ದಿನಾಂಕ ಹಾಕಿ ಡಬ್ಬಿ ಕಳಿಸುತ್ತಾರೆ.

ಪಿಪೆಟ್ಟುಗಳು ಬೀರುವಿನಿಂದ ಹೊರಗೆ ಬಂದಿವೆ. ಒಂದು ಆಗಲೇ ಕೆಟ್ಟಿದೆ, ರಿಪೇರಿಗೆ ಕೊಟ್ಟಿದ್ದೇವೆ. ಹಾಸ್ಟೆಲ್ ಮುಂಗಡ ವಾಪಸ್ ಬಂದ ದಿನವೇ ತಾಯಿ ಮಗಳ ಕೈಯಲ್ಲಿ ಹಣ ಕಳಿಸಿದರು. ಅದನ್ನು ಯಾರೂ ತೆಗೆದುಕೊಳ್ಳಲಿಲ್ಲ. ಕಚೇರಿಯ ಸಹಾಯಕರು ಒಂದು ಪುಸ್ತಕ ಮಾಡಿ, ಮುಂದೆ ಹೋಗುವವರ ಮುಂಗಡಕ್ಕೆ ಅಂತ ಇಟ್ಟಿದ್ದಾರೆ. ಸೇರುವ ಮುಂಚೆ ಕೊಡುವುದು, ಬಂದ ಮೇಲೆ ಪಡೆಯುವುದು.

ಸ್ಟಾಫ್ ರೂಮಿನ ಗೋಡೆ ಮೇಲೆ ಒಂದು ಕ್ಯಾಲೆಂಡರ್ ಹಾಕಿದ್ದೇವೆ. ಸಂಸ್ಥೆಗಳ ಅರ್ಜಿ ದಿನಾಂಕ ಕೆಂಪು ಶಾಯಿಯಲ್ಲಿ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್ಪು, ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ಫೆಲೋಶಿಪ್ಪು, ಹೀಗೆ. ಅದರ ಪಕ್ಕ ಹಸಿರು ಶಾಯಿಯಲ್ಲಿ ಅರ್ಜಿ ಹಾಕಿದ ಮಕ್ಕಳ ಮನೆಯ ಬೆಳೆ.

ಈ ವರ್ಷ ಮೂವರು ಹಾಕಿದ್ದರು, ಇಬ್ಬರಿಗೆ ಸಿಕ್ಕಿದೆ. ಒಬ್ಬಳ ಮನೆಯಲ್ಲಿ ದ್ರಾಕ್ಷಿ, ಅದರ ಕೊಯ್ಲು ಮುಗಿದಿದೆ, ತೊಂದರೆ ಇಲ್ಲ. ಇನ್ನೊಬ್ಬನ ಮನೆಗೆ ಚಾಕಿ ಹುಳು (ಎಳೆಯ ಹುಳು) ಬಂದು ನಾಲ್ಕು ದಿನ ಆಯಿತು. ಲೆಕ್ಕ ಹಾಕಿದರೆ ಹಣ್ಣಾಗುವುದು ಹತ್ತೊಂಬತ್ತಕ್ಕೆ. ಅವನು ಸೇರಬೇಕಿರುವುದು ಹದಿನೈದಕ್ಕೆ. ಪತ್ರದ ಕರಡು ಅವನೇ ಬರೆದು ತಂದಿದ್ದಾನೆ. ಅವನಿಗೆ ಸಹಾಯ ಮಾಡಿದ್ದು ಡಬ್ಬಿಯಲ್ಲಿ ಹುಳು ತಂದವಳೇ. ಹಣ ಕಡಿಯಬೇಡಿ ಅನ್ನುವ ಸಾಲು ಅದರಲ್ಲಿಲ್ಲ. ಅದನ್ನು ಸೇರಿಸಿ ಇವತ್ತು ಸಂಜೆಯೊಳಗೆ ಕಳಿಸಬೇಕು.